ಜಲದುರ್ಗೆಯನ್ನು ಕೇಳಿಸಿಕೊಂಡವರು

ಕಡಲಿಗೆ ಹೋಗುವ ಬೋಟುಗಳಿಗೆಲ್ಲ ಕಿವಿ ಬಂದರೆ ಏನಾದೀತು? ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಮುತ್ತಳಿವೆ ಬಂದರಿನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಕಿವಿ ಕೊಟ್ಟ ಮೇಲೆ ಓಲೆಯನ್ನೂ ನೀವೇ ಮಾಡಿಸಿ ಕೊಡ್ತೀರಾ?" ಎಂದು ಬೋಟು ಕಟ್ಟುವ ದಕ್ಕೆಯ ಮೇಲೆ ಮೀನು ಆರಿಸುತ್ತಿದ್ದ ಹೆಂಗಸರು ವಾರಿಜಾಳನ್ನು ಕಿಚಾಯಿಸಿದ್ದರು. ವಾರಿಜಾ ಕಾಂಚನ್ ಅದೇ ಬಂದರಿನ ಮಗಳು. ಇಂಜಿನಿಯರ್ ಆದಳು ಅಂತ ಅವರು ಬಿಡುವವರಲ್ಲ.

ಆದರೆ ಕಿವಿ ಬಂದೇ ಬಂತು, ಅದೂ ಇಡೀ ಕರಾವಳಿಯ ಬೋಟುಗಳಿಗೆ. ತೆಂಗಿನಕಾಯಿ ಗಾತ್ರದ ಒಂದು ಕರಿ ಪೆಟ್ಟಿಗೆ, ಅದರಿಂದ ನೀರಿಗೆ ಇಳಿಬಿಟ್ಟ ಒಂದು ತಂತಿ. ಪೆಟ್ಟಿಗೆಗೆ ಎರಡು ಕೆಲಸ. ತಾನಿರುವ ಜಾಗವನ್ನು ದಡಕ್ಕೆ ಹೇಳುವುದು ಒಂದು; ನೀರೊಳಗಿನಿಂದ ಅಕ್ಕಪಕ್ಕದ ಬೋಟುಗಳ ಇಂಜಿನ್ ಸದ್ದು ಕೇಳಿಸಿಕೊಳ್ಳುವುದು ಇನ್ನೊಂದು. ಒಬ್ಬರ ಕೆಮ್ಮು ಇನ್ನೊಬ್ಬರ ಕೆಮ್ಮಿನಂತೆ ಇರುವುದಿಲ್ಲವಲ್ಲ, ಇಂಜಿನ್ನೂ ಹಾಗೆಯೇ. ಎರಡು ಇಂಜಿನ್ ಒಂದೇ ಕಂಪನಿಯವು, ಒಂದೇ ದಿನ ಕೊಂಡವು ಆದರೂ ನೀರೊಳಗೆ ಅವುಗಳ ದನಿ ಬೇರೆ. ಸದ್ದು ಕೇಳಿದೊಡನೆ ಇದು ಇಂಥ ಬೋಟು, ಇಂಥ ಕಡೆಯಲ್ಲಿದೆ ಎಂದು ಪೆಟ್ಟಿಗೆ ಗುರುತಿಟ್ಟುಕೊಳ್ಳುತ್ತಿತ್ತು.

ಕೇಳಿಸಿಕೊಂಡದ್ದನ್ನು ದಡದಲ್ಲಿ ಹೇಗೆ ಜೋಡಿಸಿ ಇಡುವುದು? ಜಗಳ ಹುಟ್ಟಿದ್ದು ಇಲ್ಲಿ. ಐಸ್ ಪ್ಲಾಂಟಿನ ಮಹಡಿಯ ಮೇಲಿನ ನಿಗಾ ಕೋಣೆಯಲ್ಲಿ ಇಬ್ಬರು ಹೆಂಗಸರು, ಇಬ್ಬರದ್ದೂ ಬಾಯಿ ಜೋರು. ಮೇಲಧಿಕಾರಿ ಫ್ಲೋರಿನ್ ಡಿಸಿಲ್ವಾ ಮಂಗಳೂರು ಕಡೆಯವರು, ಅರುವತ್ತು ಸಮೀಪಿಸಿದ ಒಂಟಿ ಜೀವ. ಅವರು ಕೀ-ವ್ಯಾಲ್ಯೂ ಮಾದರಿಯ ಪಕ್ಷ. ನಿಗಾ ಕೋಣೆಯಲ್ಲಿ ಅದಕ್ಕೆ ಡಬ್ಬಿ ಎಂದು ಅಡ್ಡಹೆಸರು. ಅಡುಗೆಮನೆಯ ಡಬ್ಬಿ ಸಾಲಿನ ಹಾಗೆ, ಮೇಲೆ ಹೆಸರು, ಒಳಗೆ ಸಾಮಾನು. ಜೀರಿಗೆ ಬೇಕೆಂದರೆ ಕೈ ನೇರ ಜೀರಿಗೆ ಡಬ್ಬಿಗೆ. ಬೋಟಿನ ಹೆಸರು ಹೇಳಿದರೆ ಸಾಕು, ಅದಿರುವ ಜಾಗ ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ. ಹೊಸ ಜಾಗ ಬಂದ ಕೂಡಲೆ ಹಳೆಯದು ಅಳಿದುಹೋಗುತ್ತದೆ. ಜೀರಿಗೆಗೂ ಸಾಸಿವೆಗೂ ಏನು ಸಂಬಂಧ ಎಂದು ಕೇಳಿದರೆ ಮಾತ್ರ ಡಬ್ಬಿ ಮೌನಗೌರಿ.

ವಾರಿಜಾ ಗ್ರಾಫ್ ಮಾದರಿಯವಳು. ಅದರ ಹೆಸರು ಬಲೆ. ಪ್ರತಿ ಬೋಟೂ ಒಂದು ಗಂಟು. ಒಂದು ಬೋಟು ಇನ್ನೊಂದನ್ನು ಕೇಳಿಸಿಕೊಂಡಾಗಲೆಲ್ಲ ಆ ಎರಡು ಗಂಟುಗಳ ನಡುವೆ ಒಂದು ದಾರ. ಯಾರು ಯಾರ ಪಕ್ಕದಲ್ಲಿದ್ದರು, ಅವರ ಪಕ್ಕದಲ್ಲಿ ಯಾರಿದ್ದರು ಎಂದು ದಾರ ಹಿಡಿದು ಎಷ್ಟು ದೂರ ಬೇಕಾದರೂ ಹೋಗಬಹುದು. ತೊಂದರೆಯೆಂದರೆ ಬಲೆ ಭಾರ. ಒಂದು ದಾರ ಎಳೆದರೆ ಹತ್ತು ಕಡೆ ಜಗ್ಗುತ್ತದೆ. ಎಲ್ಲ ಬೋಟುಗಳೂ ತಾವು ಕೇಳಿದ್ದನ್ನೆಲ್ಲ ದಡಕ್ಕೆ ಕಳಿಸಬೇಕು, ಯಂತ್ರ ಅದನ್ನೆಲ್ಲ ಹೆಣೆಯಬೇಕು.

"ನೋಡು ವಾರಿಜಾ, ಮುಳುಗ್ತಾ ಇರುವವನಿಗೆ ಕತೆ ಬೇಡ," ಎನ್ನುತ್ತಿದ್ದರು ಫ್ಲೋರಿನ್. "ಒಂದು ಪ್ರಶ್ನೆ, ಒಂದು ಉತ್ತರ. ಮುಗೀತು."

"ಬರೀ ಎಲ್ಲಿದ್ದಾನೆ ಅಂತ ಗೊತ್ತಾದ್ರೆ ಸಾಕಾ ಮೇಡಂ? ಯಾರ ಜೊತೆ ಇದ್ದಾನೆ ಅಂತ ಬೇಡ್ವಾ?"

"ಅದನ್ನು ಅವನ ಹೆಂಡತಿ ಕೇಳ್ಲಿ."

ಹೀಗೆ ವರ್ಷಗಟ್ಟಲೆ ನಡೆದಿತ್ತು. ಜಗಳ ಮುಗಿದ ಮೇಲೆ ಫ್ಲೋರಿನ್ ತಮ್ಮ ಬುತ್ತಿಯ ಸಣ್ಣಾಸ್ ಇಡ್ಲಿ ತೆಗೆದು ಅರ್ಧವನ್ನು ವಾರಿಜಾಳ ಕಡೆಗೆ ತಳ್ಳುತ್ತಿದ್ದರು. ಇಡೀ ಕರಾವಳಿಗೆ ಯಾವುದಾದರೂ ಒಂದೇ ಮಾದರಿ ಎಂದು ಮೇಲಿನವರು ಹೇಳಿದ್ದರು, ಆ ತೀರ್ಮಾನಕ್ಕೆ ಇನ್ನು ಒಂದು ವಾರವಿತ್ತು. ಅಲ್ಲಿಯವರೆಗೆ ಕೆಲಸಕ್ಕೆ ಡಬ್ಬಿ, ಪಕ್ಕದಲ್ಲಿ ಪರೀಕ್ಷೆಗೆಂದು ನಾಲ್ಕಾರು ಬೋಟುಗಳಿಗೆ ಮಾತ್ರ ಬಲೆ.

*

ದೀಪಾವಳಿ ಕಳೆದ ಮೇಲಿನ ಒಂದು ಮಧ್ಯಾಹ್ನ ಗಾಳಿ ತಿರುಗಿತು. ಎರಡು ದಿನ ಬಿಟ್ಟು ಬರುತ್ತದೆ ಎಂದಿದ್ದ ಚಂಡಮಾರುತ ಹೇಳದೆ ಕೇಳದೆ ಮೊದಲೇ ಹೊರಟಿತ್ತು. ಬೋಟುಗಳಿಗೆಲ್ಲ ಕೂಡಲೆ ಮರಳಿ ಬನ್ನಿ ಎಂದು ವೈರ್‌ಲೆಸ್‌ನಲ್ಲಿ ಕೂಗಿದ್ದೂ ಆಯಿತು.

ಆಗ ಸುಗಂಧಿಯ ಫೋನು. ಸುಗಂಧಿ ವಾರಿಜಾಳ ತಮ್ಮ ಪುಷ್ಪರಾಜನ ಹೆಂಡತಿ. ಪುಷ್ಪರಾಜ ಜಲದುರ್ಗಾ ಬೋಟಿನ ತಾಂಡೇಲ. ಬೋಟು ನಡೆಸುವುದು, ಬಲೆ ಬಿಡುವ ಜಾಗ ಗೊತ್ತುಮಾಡುವುದು ಎಲ್ಲ ಅವನದೇ.

"ವಾರಿಜಕ್ಕ, ಇವ್ರು ಎಲ್ಲಿದ್ದಾರೆ ಸ್ವಲ್ಪ ನೋಡಿ ಹೇಳಿ ಮಾರಾಯ್ರೆ. ಫೋನ್ ಹೋಗ್ತಾ ಇಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ."

ವಾರಿಜಾ ಹೆಸರು ಒತ್ತಿದಳು. ಉತ್ತರ ಬಂತು, ಹಸಿರು ಅಕ್ಷರದಲ್ಲಿ. "ಅಯ್ಯೋ, ಅವ ಆಗ್ಲೇ ದಕ್ಕೆಗೆ ಬಂದಾಗಿದೆ. ಐಸ್ ಪ್ಲಾಂಟಿನ ಎದುರೇ ಇದ್ದಾನೆ. ಅಮ್ಮನಿಗೆ ಒಳಗೆ ಹೋಗಿ ಕೂತ್ಕೊಳ್ಳಿಕ್ಕೆ ಹೇಳು."

"ಹೌದಾ? ದೇವರು ದೊಡ್ಡವ," ಎಂದು ಸುಗಂಧಿ ಫೋನ್ ಇಟ್ಟಳು. ವಾರಿಜಾಳ ಎದೆಯೂ ಹಗುರಾಯಿತು. ಫ್ಲೋರಿನ್ ತಲೆಯೆತ್ತದೆ, "ನೋಡಿದ್ಯಾ, ಒಂದು ಪ್ರಶ್ನೆ, ಒಂದು ಉತ್ತರ," ಎಂದರು. ವಾರಿಜಾ ನಕ್ಕು ಮುಂದಿನ ಬೋಟಿನ ಹೆಸರು ಒತ್ತಿದಳು.

ಹೊತ್ತು ಕಳೆದಂತೆ ಗಾಳಿ ಜೋರಾಯಿತು. ಗುಡ್ಡದ ಮೇಲಿದ್ದ ಎರಡು ಏರಿಯಲ್ ಕಂಬಗಳಲ್ಲಿ ದೊಡ್ಡದು ಮುರಿದು ಬಿತ್ತು. ಕಡಲಿನ ಅಷ್ಟೂ ಬೋಟುಗಳ ಮಾತು ಇನ್ನು ಉಳಿದೊಂದು ಸಣ್ಣ ಕಂಬದ ಮೂಲಕವೇ ಬರಬೇಕು. ಅಗಲ ರಸ್ತೆ ಇದ್ದಲ್ಲಿ ಈಗ ಓಣಿ. ಫ್ಲೋರಿನ್ ಒಂದು ಕ್ಷಣವೂ ಯೋಚಿಸದೆ ಬಲೆಯನ್ನು ನಿಲ್ಲಿಸಿ ಓಣಿಯನ್ನು ಪೂರ್ತಿ ಡಬ್ಬಿಗೆ ಕೊಟ್ಟರು.

ಯಾಕೆಂದರೆ ಅಳಿವೆ. ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ ಮರಳಿನ ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ, ತೂಫಾನಿನ ದಿನವಂತೂ ಗಳಿಗೆಗೊಂದು ಕಡೆ. ಒಳಗೆ ಬರುವ ಪ್ರತಿ ಬೋಟೂ ತನ್ನ ಮುಂದೆ ಹೋದದ್ದಕ್ಕೆ ಎಲ್ಲಿ ಎಷ್ಟು ನೀರು ಸಿಕ್ಕಿತು ಎಂದು ಡಬ್ಬಿಯನ್ನು ಕೇಳಿ, ಉತ್ತರ ಬಂದತ್ತ ಚುಕ್ಕಾಣಿ ತಿರುಗಿಸಬೇಕು. ಉತ್ತರ ತಡವಾದರೆ ಬೋಟು ದಿಬ್ಬಕ್ಕೆ ಏರಿ, ಹಿಂದಿನ ಅಲೆಗೆ ಮಗುಚುತ್ತದೆ. ಹೊರಗೆ ಸಾಲುಗಟ್ಟಿ ನಿಂತಿದ್ದ ಬೋಟುಗಳು ಒಂದೊಂದಾಗಿ ಪ್ರಶ್ನೆ ಕೇಳುತ್ತಿದ್ದವು, ಡಬ್ಬಿ ಟಪಟಪ ಉತ್ತರಿಸುತ್ತಿತ್ತು. ಆ ಕ್ಷಣ ನೋಡಿದ್ದರೆ ಯಾರಾದರೂ ಅದಕ್ಕೆ ಕೈಮುಗಿಯುತ್ತಿದ್ದರು. ಒಂದಾದ ಮೇಲೊಂದು ಬೋಟು, ಹೆಂಗಸೊಬ್ಬಳು ಸೂಜಿಗೆ ದಾರ ಪೋಣಿಸಿದಂತೆ, ಆ ಹುಚ್ಚು ನೀರನ್ನು ದಾಟಿ ಒಳಗೆ ಬರುತ್ತಿತ್ತು.

ಸುಗಂಧಿಯ ಫೋನು ಮತ್ತೆ ಬಂತು. ಗಾಳಿಯ ಸದ್ದಿನಲ್ಲಿ ಅವಳು ಕಿರುಚುತ್ತಿದ್ದಳು. "ಅಕ್ಕಾ, ನಾನು ದಕ್ಕೆಯಲ್ಲಿದ್ದೇನೆ! ಜಲದುರ್ಗಾ ಇಲ್ಲಿಲ್ಲ!"

"ಎಂತ ಹೇಳ್ತೀ ನೀನು? ನನ್ನ ಕಣ್ಣೆದುರೇ ತೋರಿಸ್ತಾ ಉಂಟು."

"ತೋರಿಸ್ತಾ ಇರುವುದು ಪೆಟ್ಟಿಗೆ ಅಕ್ಕ! ಪೆಟ್ಟಿಗೆ ದಿನಕರಣ್ಣನ ಬೋಟಲ್ಲುಂಟು, ಗೋಣಿ ಸುತ್ತಿ ಇಟ್ಟಿದ್ದಾರೆ. ಇವ್ರು ಬರ್ಲೇ ಇಲ್ಲ!"

*

ದಿನಕರ ನಿಗಾ ಕೋಣೆಗೆ ಓಡಿಬಂದಾಗ ಅವನ ಮೈಯಿಂದ ನೀರು ಸುರಿಯುತ್ತಿತ್ತು. ಅವನು ಪುಷ್ಪರಾಜನ ಬಾಲ್ಯದ ಗೆಳೆಯ, ಸಾಗರಜ್ಯೋತಿ ಬೋಟಿನವನು. ಪೆಟ್ಟಿಗೆಯನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತ.

ಅವನ ಬಾಯಿಂದ ವಿಷಯ ಹೊರಡಿಸುವುದೇನೂ ಕಷ್ಟವಾಗಲಿಲ್ಲ. ಪುಷ್ಪರಾಜನಿಗೆ ಪಶ್ಚಿಮಕ್ಕೆ ಎಲ್ಲೋ ಒಂದು ಹೊಸ ಜಾಗ ಸಿಕ್ಕಿತ್ತು, ಅಂಜಲ್ ಮೀನಿನ ಜಾಗ. ಪೆಟ್ಟಿಗೆ ಬೋಟಿನಲ್ಲಿದ್ದರೆ ಜಾಗ ಪರದೆಯ ಮೇಲೆ ಬೀಳುತ್ತದೆ. ಪರದೆಯ ಮೇಲೆ ಬಿದ್ದದ್ದು ಸಂಜೆಗೆ ಬಂದರಿಗೆಲ್ಲ ಗೊತ್ತಾಗುತ್ತದೆ. ಒಳ್ಳೆಯ ಜಾಗವನ್ನು ತಾಂಡೇಲ ತನ್ನ ಹೆಂಡತಿಗೂ ಹೇಳುವುದಿಲ್ಲ. ಅಜ್ಜನ ಕಾಲದಿಂದ ಬಂದ ಮರ್ಯಾದೆ ಅದು. ಹಾಗಾಗಿ ಪೆಟ್ಟಿಗೆಯನ್ನು ಗೆಳೆಯನ ಕೈಗೆ ಕೊಟ್ಟು, ಇದನ್ನು ಸುತ್ತಾಡಿಸಿಕೊಂಡು ಬಾ ಮಾರಾಯ ಎಂದು ಹೊರಟುಹೋಗಿದ್ದ. ಐಸ್ ಮುಗಿದ ದಿನಕರ ಬೇಗ ದಡಕ್ಕೆ ಬಂದ. ಪೆಟ್ಟಿಗೆಯೂ ಅವನ ಜೊತೆ ಬಂತು.

"ಬರೀ ಅವನಲ್ಲ ವಾರಿಜಕ್ಕ," ದಿನಕರ ತಲೆ ತಗ್ಗಿಸಿದ. "ಎಲ್ಲರೂ ಮಾಡ್ತಾರೆ. ನಾನೂ ಮಾಡಿದ್ದೇನೆ."

"ವೈರ್‌ಲೆಸ್‌ಗೂ ಸಿಗ್ತಾ ಇಲ್ಲ ಅವ. ಎಲ್ಲಿಗೆ ಹೋದ ಅಂತ ಹೇಳಿದ್ನಾ?"

"ನನಗೆ ಹೇಳ್ತಾನಾ ಅವ?"

ಡಬ್ಬಿಗೆ ಈ ಮೋಸ ಕಾಣುವಂತಿರಲಿಲ್ಲ, ಪಾಪ. ಅದು ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಬಲೆ ಎಲ್ಲ ಬೋಟುಗಳಿಗೂ ನಡೆಯುತ್ತಿದ್ದರೆ, ಒಂದೇ ಬೋಟಿನಲ್ಲಿ ಎರಡು ಕಿವಿಗಳು ಅಂಟಿಕೊಂಡು ತಿರುಗುತ್ತಿವೆಯಲ್ಲ, ಏನು ಕತೆ ಎಂದು ಬೆಳಿಗ್ಗೆಯೇ ಕೇಳುತ್ತಿತ್ತು. ಅಷ್ಟೇ ಅಲ್ಲ, ಪುಷ್ಪರಾಜ ಪೆಟ್ಟಿಗೆ ಬಿಟ್ಟು ಹೋಗಬಹುದು, ಇಂಜಿನ್ನಿನ ದನಿಯನ್ನು ಎಲ್ಲಿ ಬಿಟ್ಟು ಹೋಗುತ್ತಾನೆ? ದಾರಿಯುದ್ದಕ್ಕೂ ಬೇರೆ ಬೋಟುಗಳ ಕಿವಿಗೆ ಅದು ಬಿದ್ದಿರಲೇಬೇಕು. ಆದರೆ ಅದೆಲ್ಲ ಇನ್ನೂ ಆ ಬೋಟುಗಳ ಪೆಟ್ಟಿಗೆಗಳಲ್ಲೇ ಇತ್ತು, ದಡಕ್ಕೆ ಬಂದಿರಲಿಲ್ಲ.

ವಾರಿಜಾ ಎದ್ದು ನಿಂತಳು. "ಮೇಡಂ, ಬಲೆ ಎಳೀಬೇಕು. ಈಗಲೇ."

"ಓಣಿ ಒಂದೇ ಉಂಟು ವಾರಿಜಾ."

"ಅರ್ಧ ಗಂಟೆ ಡಬ್ಬಿ ನಿಲ್ಲಿಸಿ. ಅರ್ಧ ಗಂಟೆ ಸಾಕು ನನಗೆ."

ಫ್ಲೋರಿನ್ ಕಿಟಕಿಯತ್ತ ಕೈ ತೋರಿಸಿದರು. ಅಳಿವೆಯ ಹೊರಗೆ ಬೋಟುಗಳ ದೀಪಗಳು ಅಲೆಯೊಡನೆ ಏರಿ ಇಳಿಯುತ್ತಿದ್ದವು. "ಅವರನ್ನು ಅರ್ಧ ಗಂಟೆ ಕುರುಡು ಮಾಡ್ಲಾ? ಆ ಬೋಟುಗಳಲ್ಲೂ ತಮ್ಮಂದಿರು ಇದ್ದಾರೆ. ಆಗೂದಿಲ್ಲ."

"ನಿಮ್ಮ ಡಬ್ಬಿ ನಿಮಗೆ ಅಷ್ಟು ದೊಡ್ಡದಾ? ಅದು ಸುಳ್ಳು ಹೇಳ್ತು ಮೇಡಂ! ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತು!" ವಾರಿಜಾಳಿಗೆ ಅಳು ಕಿತ್ತುಕೊಂಡು ಬಂತು. ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿದವರು ಈಗ ತಮ್ಮ ಹಟ ಸಾಧಿಸುತ್ತಿದ್ದಾರೆ ಎಂದೇ ಅವಳಿಗೆ ಅನಿಸಿತು. ಹೊಡೆದುಬಿಡುವಷ್ಟು ಕೋಪ.

ಫ್ಲೋರಿನ್ ಬಯ್ಯಲಿಲ್ಲ. ಕನ್ನಡಕ ತೆಗೆದು ಸೀರೆ ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಲೆಕ್ಕವೋ ದೇವರಿಗೇ ಗೊತ್ತು.

"ಬಲೆ ದಡಕ್ಕೆ ಯಾಕೆ ಬರಬೇಕು?" ಎಂದರು ಕೊನೆಗೆ. "ನೀರಲ್ಲೇ ಇರ್ಲಿ."

"ಅಂದ್ರೆ?"

"ಪ್ರತಿ ಪೆಟ್ಟಿಗೆಯೊಳಗೂ ಒಂದು ಸಣ್ಣ ಡಬ್ಬಿ ಸಾಲು ಉಂಟಲ್ಲ, ತಾನು ಕೇಳಿದ್ದನ್ನು ಇಟ್ಟುಕೊಳ್ಳುವುದು? ಎಲ್ಲವನ್ನೂ ಕಳಿಸು ಅಂತ ನೀನು ಹೇಳ್ತೀ, ಅದಕ್ಕೆ ಓಣಿ ಸಾಲುವುದಿಲ್ಲ. ನಾವು ಒಂದೇ ಹೆಸರು ಕೇಳುವ. ಜಲದುರ್ಗಾ. ಯಾವಾಗ ಕೇಳಿದೆ, ಯಾವ ಕಡೆಯಿಂದ ಕೇಳಿದೆ, ಆಗ ಆ ದಿಕ್ಕಿನಲ್ಲಿ ಮತ್ತೆ ಯಾರಿದ್ದರು. ನಾಲ್ಕೇ ಶಬ್ದದ ಉತ್ತರ. ಅಳಿವೆಯ ನೀರಿನ ಲೆಕ್ಕದ ಬಾಲಕ್ಕೇ ಅಂಟಿಸಿ ಕಳಿಸ್ತದೆ, ಓಣಿಗೆ ಭಾರವೇ ಇಲ್ಲ. ಯಾರಿದ್ದರು ಅಂತ ಗೊತ್ತಾದ್ರೆ ಮುಂದೆ ಅವರನ್ನು ಕೇಳುವ. ಅವರು ಹೇಳಿದವರನ್ನು ಮತ್ತೆ. ನೀನು ದಾರ ಹಿಡಿದುಕೊಂಡು ನಡಿ, ನಾನು ಒಂದೊಂದೇ ಡಬ್ಬಿ ತೆರೆದು ಕೊಡ್ತೇನೆ."

ವಾರಿಜಾ ಕುರ್ಚಿ ಎಳೆದುಕೊಂಡು ಕೂತಳು. ಭಲೇ! ಇಷ್ಟು ವರ್ಷ ಇಬ್ಬರೂ ಗಂಟಲು ಹರಿದುಕೊಂಡದ್ದು ಇದೋ ಅದೋ ಎಂದು. ಡಬ್ಬಿಯೊಳಗೆ ಪಕ್ಕದವರ ಹೆಸರನ್ನೇ ಇಟ್ಟರೆ ಅದೇ ಬಲೆಯ ಗಂಟು ಎಂಬುದು ಆ ಹೆಂಗಸಿಗೆ ಹೊಳೆಯಿತಲ್ಲ, ಅದೂ ಎದುರಿಗೆ ಒಬ್ಬಳು ನಿಂತು ಕೂಗಾಡುತ್ತಿರುವಾಗ!

*

ಪ್ರಶ್ನೆ ಹೊರಟಿತು. ಬೋಟುಗಳು ಅಳಿವೆಯನ್ನು ದಾಟುತ್ತಲೇ ಉತ್ತರ ಕೊಟ್ಟವು. ಇಲ್ಲ. ಇಲ್ಲ. ಕೇಳಿಲ್ಲ. ಫೋನಿನಲ್ಲಿ ಸುಗಂಧಿ ಕಾಯುತ್ತಿದ್ದಳು. ಅವಳ ಹಿಂದೆ, ದಕ್ಕೆಗೇ ಓಡಿಬಂದಿದ್ದ ಅಮ್ಮನ ದನಿ. "ಅವಳು ಎಂತ ಹೇಳಿದ್ಲು? ನನ್ನ ಮಗ ಎಲ್ಲಿದ್ದಾನಂತೆ?" ಈ ಸಲ ವಾರಿಜಾ ಸುಳ್ಳು ಸಮಾಧಾನ ಹೇಳಲಿಲ್ಲ. "ಹುಡುಕ್ತಾ ಇದ್ದೇವೆ ಅಂತ ಹೇಳು. ಅಷ್ಟೇ ಹೇಳು."

ಆಮೇಲೆ ಮತ್ಸ್ಯಶ್ರೀ ಎಂಬ ಬೋಟು ಹೌದು ಎಂದಿತು. ಬೆಳಿಗ್ಗೆ ಕೇಳಿದ್ದು, ಪಶ್ಚಿಮದ ಕಡೆಯಿಂದ. ಆ ದಿಕ್ಕಿನಲ್ಲಿ ಆಗ ಭಟ್ಕಳದ ಅಲ್ ಬಹರ್ ಇತ್ತು. ಅಲ್ ಬಹರ್ ಈ ಬಂದರಿನದ್ದಲ್ಲ, ಉತ್ತರಕ್ಕೆ ಹೋಗುತ್ತಿತ್ತು. ನಡುವಿನ ಬೋಟುಗಳು ಕೈಯಿಂದ ಕೈಗೆ ಕೊಡ ದಾಟಿಸಿದಂತೆ ಪ್ರಶ್ನೆಯನ್ನು ದಾಟಿಸಿದವು. ಅಲ್ ಬಹರ್ ಮಧ್ಯಾಹ್ನಕ್ಕೆ ಮೊದಲು ಕೇಳಿತ್ತು, ವಾಯುವ್ಯಕ್ಕೆ. ಅತ್ತ ರತ್ನಗಿರಿಯ ಏಕವೀರಾ ಎಂಬ ಬೋಟು. ವಾರಿಜಾಳ ಕಣ್ಣೆದುರು ದಾರ ಒಂದೊಂದೇ ಗೇಣು ಕಡಲಿನೊಳಕ್ಕೆ ಹೋಗುತ್ತಿತ್ತು.

ಏಕವೀರಾ ಹಕ್ಕಿಗುಡ್ಡ ಎಂಬ ಪಾಳುದ್ವೀಪದ ಮರೆಯಲ್ಲಿ ಲಂಗರು ಹಾಕಿ ತೂಫಾನಿನಿಂದ ತಪ್ಪಿಸಿಕೊಂಡು ನಿಂತಿತ್ತು. ಅದರ ಕಿವಿ ಹೌದು ಎಂದಿತು. ದ್ವೀಪದ ಆಚೆ ಬದಿಯಿಂದ, ಹತ್ತಿರದಲ್ಲೇ, ಜಲದುರ್ಗೆಯ ಇಂಜಿನ್ ಕೇಳಿಸಿತ್ತು. ಆಮೇಲೆ ನಿಂತುಹೋಗಿತ್ತು.

ದಿನಕರ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಇಂಜಿನ್ ನಿಂತ ಬೋಟಿಗೆ ದನಿಯೇ ಇಲ್ಲ. ಅದು ಮುಳುಗಿರಬಹುದು, ಅಥವಾ ಗಾಳಿ ಎಳೆದತ್ತ ತೇಲುತ್ತಿರಬಹುದು. ದಾರ ಅಲ್ಲಿಗೆ ಕಡಿದಿತ್ತು.

ವಾರಿಜಾ ಕಣ್ಣು ಮುಚ್ಚಿಕೊಂಡಳು. ಪೆಟ್ಟಿಗೆ ಕೊಟ್ಟ ಹೊಸತರಲ್ಲಿ ತಮ್ಮ ತಮಾಷೆ ಮಾಡಿದ್ದು ನೆನಪಾಯಿತು. "ಅಕ್ಕನ ಕಿವಿ ನೀರೊಳಗೆ ಉಂಟು ಮಾರಾಯ್ರೆ, ಜಾಗ್ರತೆ, ಅವಳನ್ನು ಬಯ್ಯುವವರು ದಡಕ್ಕೆ ಬಂದು ಬಯ್ಯಿ!" ಅಂದಿದ್ದ. ಹಾಗಾದರೆ ಅವನಿಗೆ ಗೊತ್ತು. ಅಕ್ಕಪಕ್ಕದಲ್ಲಿ ಬೋಟಿದ್ದರೆ ಅದಕ್ಕೊಂದು ಕಿವಿ ಇದ್ದೇ ಇರುತ್ತದೆ, ನೀರಿನಲ್ಲಿ ಸದ್ದು ಮಾಡಿದರೆ ಅದು ಕೇಳುತ್ತದೆ ಎಂದು ಅವನಿಗೆ ಗೊತ್ತು.

ಆದರೆ ಇಂಜಿನ್ ಅಲ್ಲದ ಸದ್ದನ್ನೆಲ್ಲ ಕಿವಿ ಕಸವೆಂದು ಬದಿಗೆ ತಳ್ಳುತ್ತಿತ್ತು. ಹಾಗೆ ಮಾಡೆಂದು ಹೇಳಿಕೊಟ್ಟವಳು ವಾರಿಜಾಳೇ. ಅಲೆ, ಮೀನು, ಸರಪಳಿ, ಎಲ್ಲ ಕಸ. ತಳ್ಳಿದ್ದು ಅಳಿಸಿಹೋಗುವ ಮೊದಲು ಸ್ವಲ್ಪ ಹೊತ್ತು ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ.

"ಮೇಡಂ, ಏಕವೀರಾದ ಕಸ ಬೇಕು ನನಗೆ. ಸದ್ದು, ಸದ್ದೇ ಬೇಕು. ಅದು ನಾಲ್ಕು ಶಬ್ದವಲ್ಲ, ಭಾರ ಉಂಟು."

ಫ್ಲೋರಿನ್ ಅಳಿವೆಯನ್ನು ನೋಡಿದರು. ಒಂದು ಬೋಟು ದಿಬ್ಬದ ಪಕ್ಕದಲ್ಲಿ ನುಸುಳುತ್ತಿತ್ತು. ಮುಂದಿನದ್ದು ಹೊರಗೆ ಅಲೆ ನೋಡುತ್ತ ನಿಂತಿತ್ತು. ಅವರು ವೈರ್‌ಲೆಸ್ ಎತ್ತಿಕೊಂಡು, "ಮುಂದಿನವರು ಅಲ್ಲೇ ಸ್ವಲ್ಪ ತಡೀರಿ, ನಾನು ಹೇಳಿದ ಮೇಲೆ ಬನ್ನಿ," ಎಂದರು. ಒಳಗೆ ಬಂದ ಬೋಟು ಹೊಳೆಯ ಶಾಂತ ನೀರು ಮುಟ್ಟಿದ ಕ್ಷಣವೇ ವಾರಿಜಾಳ ಬೆನ್ನು ತಟ್ಟಿದರು. "ಈಗ. ಓಣಿ ನಿಂದು."

ಸದ್ದು ಬಂತು. ಮೊದಲು ಬರೀ ಗೊರಗೊರ, ಅಲೆ ಕಲ್ಲಿಗೆ ಬಡಿಯುವುದು. ಅದರ ಅಡಿಯಲ್ಲಿ, ತೀರಾ ಅಡಿಯಲ್ಲಿ, ಟಕ್ ಟಕ್, ಢಂ. ಟಕ್ ಟಕ್, ಢಂ.

ದಿನಕರ ಎದ್ದು ನಿಂತ. ವಾರಿಜಾ ಅವನ ಮುಖ ನೋಡಿದಳು. ಇಬ್ಬರಿಗೂ ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಮುಂಚೆ ಸಣ್ಣ ದೋಣಿಯ ಕಾಲದಲ್ಲಿ ಮೀನನ್ನು ಬೆದರಿಸಿ ಬಲೆಗೆ ಅಟ್ಟಲು ದೋಣಿಯ ಬದಿಗೆ ಕೋಲಿನಿಂದ ಬಡಿಯುತ್ತಿದ್ದ ತಾಳ ಅದು. ಅಪ್ಪ ಬಡಿಯುತ್ತಿದ್ದ. ಅಕ್ಕ ತಮ್ಮ ಇಬ್ಬರೂ ಅಂಗಳದಲ್ಲಿ ಕವುಚಿ ಹಾಕಿದ ದೋಣಿಯ ಮೇಲೆ ಬಡಿದು ಅಮ್ಮನಿಂದ ಬೈಸಿಕೊಂಡಿದ್ದರು.

"ಇದ್ದಾನೆ," ಎಂದಳು ವಾರಿಜಾ. "ಮೇಡಂ, ಅವ ಇದ್ದಾನೆ. ನನ್ನನ್ನು ಕರೀತಾ ಇದ್ದಾನೆ."

ಏಕವೀರಾದ ತಾಂಡೇಲನಿಗೆ ಕನ್ನಡ ಬರುತ್ತಿರಲಿಲ್ಲ. ಫ್ಲೋರಿನ್ ಅವನೊಡನೆ ಕೊಂಕಣಿಯಲ್ಲಿ ಮಾತಾಡಿದರು. ನಿಗಾ ಕೋಣೆಯಲ್ಲಿ ಸದಾ ಕತ್ತರಿಸಿದಂತೆ ಮಾತಾಡುವ ಆ ಹೆಂಗಸು ಅವತ್ತು ಮಾತಾಡಿದ್ದು ಕೇಳಬೇಕಿತ್ತು. ನಿನಗೆ ಅಕ್ಕ ಇದ್ದಾಳಾ ಎಂದು ಕೇಳಿದರು. ಇದ್ದರೆ ಅವಳ ಹೆಸರೇನು ಎಂದು ಕೇಳಿದರು. ಮರೆ ಬಿಟ್ಟು ಹೊರಗೆ ಹೋದರೆ ನಿನ್ನ ಬೋಟಿಗೂ ಅಪಾಯ ಉಂಟು, ನಾನು ಸುಳ್ಳು ಹೇಳುವುದಿಲ್ಲ ಎಂದೂ ಹೇಳಿದರು. ಆ ಕಡೆಯಿಂದ ಲಂಗರಿನ ಸರಪಳಿ ಎಳೆಯುವ ಸದ್ದು ಕೇಳಿಸಿತು. ಫ್ಲೋರಿನ್ ವೈರ್‌ಲೆಸ್ ಕೆಳಗಿಟ್ಟು, ಅಳಿವೆಯ ಬೋಟಿಗೆ, "ಹೂಂ, ನೀವು ಬನ್ನಿ," ಎಂದರು.

ಕತ್ತಲಾಗುವ ಮೊದಲು ಏಕವೀರಾ ಜಲದುರ್ಗೆಗೆ ಹಗ್ಗ ಹಾಕಿ ದ್ವೀಪದ ಮರೆಗೆ ಎಳೆದು ತಂದಿತು. ಬೋಟಿಗೆ ಅರ್ಧ ನೀರು ತುಂಬಿತ್ತು. ಅದರಲ್ಲಿದ್ದವರೆಲ್ಲ ಬದುಕಿದ್ದರು. ಅಳಿವೆಯ ಹೊರಗಿದ್ದ ಬೋಟುಗಳೂ ಅಷ್ಟರಲ್ಲಿ ಒಳಗೆ ಬಂದಾಗಿತ್ತು, ಒಂದೂ ದಿಬ್ಬ ಹತ್ತಲಿಲ್ಲ. ವಾರಿಜಾ ಫ್ಲೋರಿನ್ ಅವರ ಹೆಗಲ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು.

"ಸಾಕು ಸಾಕು, ಸೀರೆ ಒದ್ದೆ," ಎಂದರು ಫ್ಲೋರಿನ್. ಆದರೆ ಹೆಗಲನ್ನು ಸರಿಸಲಿಲ್ಲ.

*

ಮುಂದಿನ ಭಾನುವಾರ ಪುಷ್ಪರಾಜನ ಮನೆಯಲ್ಲಿ ಊಟ. ಅಂಗೈ ತುಂಬ ಬೊಬ್ಬೆಯಾಗಿ ಪುಷ್ಪರಾಜ ಚಮಚದಲ್ಲಿ ಉಣ್ಣುತ್ತಿದ್ದ. ವಾರಿಜಾಳಿಂದ ಬಯ್ಗುಳ ತಿಂದಾಗಿತ್ತು, ಸುಗಂಧಿಯದ್ದು ಇನ್ನೂ ಮುಗಿದಿರಲಿಲ್ಲ. ಅಮ್ಮ ಫ್ಲೋರಿನ್ ಅವರ ಬಾಳೆಲೆಗೆ ಮೂರನೆಯ ಸಲ ಅಂಜಲ್ ಹೋಳು ಬಡಿಸಿ, ಬೇಡವೆಂದ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಪೆಟ್ಟಿಗೆ ಯಾಕೆ ಬಿಟ್ಟು ಹೋದದ್ದು?" ಫ್ಲೋರಿನ್ ಸಿಟ್ಟಿಲ್ಲದೆ ಕೇಳಿದರು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

ಪುಷ್ಪರಾಜ ಅಕ್ಕನ ಮುಖ ನೋಡಿ, ನಾಚಿಕೊಂಡೇ ಹೇಳಿದ. "ಮೇಡಂ, ಅದು ನಾನು ಎಲ್ಲಿದ್ದೇನೆ ಅಂತ ಹೇಳ್ತದಲ್ಲ. ಮೀನಿನವನ ಹತ್ರ ಎಲ್ಲ ಕೇಳಿ, ಎಲ್ಲಿ ಅಂತ ಮಾತ್ರ ಕೇಳ್ಬೇಡಿ. ಯಾರ ಹತ್ರ ಇದ್ದೆ ಅಂತ ಕೇಳಿದ್ರೆ ಬೇಕಾದ್ರೆ ಹೇಳ್ತೇನೆ. ಅದರಿಂದ ನನ್ನ ಮೀನು ಯಾರೂ ಹಿಡಿಯೂದಿಲ್ಲ."

ಫ್ಲೋರಿನ್ ತುತ್ತನ್ನು ಬಾಯಿಗೆ ಇಡದೆ ಹಾಗೇ ಹಿಡಿದುಕೊಂಡು ಕೂತರು. ವಾರಿಜಾಳಿಗೆ ಅವರ ಮುಖ ನೋಡಿಯೇ ಗೊತ್ತಾಯಿತು. ಅದೇ ತುಟಿ, ಅದೇ ಅಲುಗಾಟ.

ತೀರ್ಮಾನದ ದಿನ ಮೇಲಿನವರು ಬಂದು, ಯಾವುದು ಇರಲಿ, ಡಬ್ಬಿಯೋ ಬಲೆಯೋ ಎಂದು ಕೇಳಿದರು. ತಮ್ಮ ಆಯುಷ್ಯದ ಕೆಲಸವನ್ನು ಫ್ಲೋರಿನ್ ತಾವೇ ಬಿಚ್ಚಿ ಎದುರಿಗಿಟ್ಟರು. ಡಬ್ಬಿ ಇರುತ್ತದೆ, ಅದರಷ್ಟು ಚುರುಕು ಯಾವುದೂ ಇಲ್ಲ. ಅಳಿವೆಯನ್ನು ಅದೇ ಕಾಯಲಿ. ಆದರೆ ಕಡಲಿಗೆ ಹೋದ ಬೋಟಿನ ಡಬ್ಬಿಯಲ್ಲಿ ಇನ್ನು ಮೇಲೆ ಜಾಗ ಇರುವುದಿಲ್ಲ. ಪಕ್ಕದವರ ಹೆಸರು ಇರುತ್ತದೆ. ಜಾಗ ಬೋಟಿನ ಪೆಟ್ಟಿಗೆಯೊಳಗೇ ಬೀಗದಲ್ಲಿರಲಿ, ಅಪಾಯವಾದರೆ ಮಾತ್ರ ತೆರೆಯಲಿ.

"ಹಾಗಾದರೆ ವಾರಿಜಾ ಗೆದ್ದರು ಅನ್ನಿ," ಎಂದು ಬಂದವರಲ್ಲಿ ಒಬ್ಬರು ನಕ್ಕರು.

"ಹೌದು," ಎಂದರು ಫ್ಲೋರಿನ್, ಒಂದೇ ಉತ್ತರ.

ವಾರಿಜಾ ಅಲ್ಲಲ್ಲ ಎಂದು ಹೇಳಹೊರಟಳು. ಫ್ಲೋರಿನ್ ಮೇಜಿನಡಿಯಲ್ಲಿ ಅವಳ ಕಾಲು ತುಳಿದರು.

ಜಲದುರ್ಗಾ ರಿಪೇರಿಯಾಗಿ ಮತ್ತೆ ನೀರಿಗಿಳಿದ ದಿನ ಪುಷ್ಪರಾಜ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಬಿಗಿದ. ದಿನಕರನೂ ಬಿಗಿದ. ಬಂದರಿನಲ್ಲಿ ಗೋಣಿ ಸುತ್ತಿದ ಪೆಟ್ಟಿಗೆ ಹುಡುಕಿದರೂ ಸಿಗದಂತಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಸುಗಂಧಿಯ ಫೋನು. "ವಾರಿಜಕ್ಕ, ಸ್ವಲ್ಪ ಗಾಳಿ ಉಂಟಲ್ಲ ಇವತ್ತು. ಇವ್ರು ಎಲ್ಲಿದ್ದಾರೆ?"

ವಾರಿಜಾ ಹೆಸರು ಒತ್ತಿದಳು. ಹಿಂದೆ ಅಂಕಿಗಳಿದ್ದ ಜಾಗದಲ್ಲಿ ಈಗ ಎರಡು ಹೆಸರುಗಳಿದ್ದವು.

"ಎಲ್ಲಿ ಅಂತ ನನಗೂ ಗೊತ್ತಿಲ್ಲ ಮಾರಾಯ್ತಿ," ಎಂದಳು. "ದಿನಕರನಿಗೆ ಕೇಳ್ತಾ ಉಂಟು. ಮತ್ಸ್ಯಶ್ರೀಯವರಿಗೂ ಕೇಳ್ತಾ ಉಂಟು."

ಆ ಕಡೆಯಿಂದ ಸುಗಂಧಿ ಅತ್ತೆಗೆ ಹೇಳುತ್ತಿರುವುದು ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಷ್ಟು ಗೊತ್ತಾದ್ರೆ ಸಾಕು," ಎಂದು ಊಟಕ್ಕೆ ಒಳಗೆ ಹೋದಳು.